ಕೂಗುವ ಮುನ್ನ ತೂಗಿ

(ಹಳೆಯ ನಾಣ್ಯ, ಅಂಚೆಚೀಟಿ, ಪುಸ್ತಕ ಮತ್ತು ಗ್ರಾಮಫೋನ್ ತಟ್ಟೆಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವ ಹವ್ಯಾಸಿಗಳು ಮೈಸೂರಿನಲ್ಲಿ ಸೇರಿದ್ದಾಗ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಮೂರು ವಸ್ತುಗಳನ್ನು ಇಟ್ಟಿದ್ದೇನೆ. ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ದರ್ಜಿಯ ಟೇಪು, ಒಂದು ಖಾಲಿ ರಟ್ಟಿನ ಪೆಟ್ಟಿಗೆ. ನಾನು ಅಪರೂಪದ ನಾಣ್ಯವನ್ನೋ ಹಳೆಯ ಛಾಪಾ ಕಾಗದವನ್ನೋ ತರುತ್ತೇನೆಂದು ನಿಮ್ಮಲ್ಲಿ ಕೆಲವರು ಎದುರು ನೋಡಿರಬಹುದು. ಆದರೆ ಹದಿನಾಲ್ಕು ವರ್ಷಗಳ ಮಾರಾಟದಲ್ಲಿ ನಾನು ಕಳೆದುಕೊಂಡ ಹಣದ ಲೆಕ್ಕ ತೆಗೆದಾಗ ಒಂದು ವಿಷಯ ಸ್ಪಷ್ಟವಾಯಿತು. ವಸ್ತು ಕಡಿಮೆ ಬೆಲೆಗೆ ಹೋಗಿ ನಷ್ಟವಾದದ್ದು ಸ್ವಲ್ಪ. ಅದನ್ನು ಕೊಂಡವರ ಮನೆಗೆ ತಲುಪಿಸಲು ಎಷ್ಟಾಗುತ್ತದೆ ಎಂದು ಮೊದಲೇ ನೋಡದೆ ನಷ್ಟವಾದದ್ದು ಬಹಳ. ಹಾಗಾಗಿ ಇವತ್ತು ವಸ್ತುವಿನ ಮಾತು ಬೇಡ, ಅದು ಹೋಗುವ ದಾರಿಯ ಮಾತು ಆಡೋಣ.

ಮೊದಲು ಅಂಗಡಿಗೂ ಹರಾಜಿಗೂ ಇರುವ ವ್ಯತ್ಯಾಸವನ್ನು ನೋಡಿ. ಅಂಗಡಿಯವರು ಬೆಲೆಯನ್ನು ತಾವೇ ಗೊತ್ತು ಮಾಡುತ್ತಾರೆ. ಸಾಗಣೆ ದುಬಾರಿಯಾದರೆ ನಾಳೆ ಬೆಲೆ ಏರಿಸುತ್ತಾರೆ. ಹರಾಜಿಗೆ ಇಟ್ಟ ನಮಗೆ ವಸ್ತು ಎಷ್ಟಕ್ಕೆ ಹೋಗುತ್ತದೆಂಬುದೂ ಗೊತ್ತಿಲ್ಲ, ಯಾವ ಊರಿಗೆ ಹೋಗುತ್ತದೆಂಬುದೂ ಗೊತ್ತಿಲ್ಲ. ಗೆದ್ದವರು ಪಕ್ಕದ ಮಂಡ್ಯದವರಾಗಿರಬಹುದು, ಗುವಾಹಾಟಿಯವರಾಗಿರಬಹುದು. ಇಷ್ಟೆಲ್ಲ ಅನಿಶ್ಚಿತವಾಗಿರುವಾಗಲೂ ‘ಸಾಗಣೆ ವೆಚ್ಚ ಇಷ್ಟು’ ಎಂದು ಮೊದಲೇ ಬರೆದುಕೊಡಬೇಕು. ನಮ್ಮ ಕೈಯಲ್ಲಿ ಮುಂಚಿತವಾಗಿ ಖಚಿತಪಡಿಸಿಕೊಳ್ಳಬಹುದಾದದ್ದು ಎರಡೇ, ವಸ್ತುವಿನ ತೂಕ ಮತ್ತು ಪೆಟ್ಟಿಗೆಯ ಅಳತೆ. ಆ ಎರಡನ್ನೂ ನಾವು ಹರಾಜು ಮುಗಿದ ಮೇಲೆ ನೋಡುತ್ತೇವೆ!

ಇಲ್ಲಿಂದ ಹೆಚ್ಚು ದೂರವಿಲ್ಲದ ಪಿರಿಯಾಪಟ್ಟಣ, ಹುಣಸೂರುಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಅಲ್ಲಿ ಕೊಳ್ಳುವವರು ಎದುರಿಗೇ ನಿಂತು ಬೇಲನ್ನು, ಅಂದರೆ ತಂಬಾಕಿನ ಮೂಟೆಯನ್ನು, ನೋಡುತ್ತಾರೆ. ವ್ಯಾಪಾರ ಮುಗಿದ ಮೇಲೆ ಲಾರಿ ಅವರದು, ಚಿಂತೆಯೂ ಅವರದು. ಎಪಿಎಂಸಿಯಲ್ಲಿ ಹಮಾಲಿ ಎಷ್ಟು, ಅದನ್ನು ಯಾರು ಕೊಡಬೇಕು ಎಂಬುದಕ್ಕೆ ತಲೆಮಾರುಗಳ ರೂಢಿ ಇದೆ. ಆನ್‌ಲೈನ್ ಹರಾಜಿಗೆ ಅಂಥ ರೂಢಿ ಇನ್ನೂ ಬೆಳೆದಿಲ್ಲ. ಪ್ರತಿ ಮಾರಾಟಗಾರರೂ ತಮ್ಮ ರೂಢಿಯನ್ನು ತಾವೇ ಕಟ್ಟಿಕೊಳ್ಳಬೇಕಾಗಿದೆ.

ನನ್ನ ಒಂದು ಲೆಕ್ಕವನ್ನು ಹೇಳುತ್ತೇನೆ. ಬೆಂಗಳೂರಿನ ಭಾನುವಾರದ ಸಂತೆಯಲ್ಲಿ 150 ರೂಪಾಯಿಗೆ ಹತ್ತು ಅಂಗುಲದ ಒಂದು ಗ್ರಾಮಫೋನ್ ತಟ್ಟೆ ಕೊಂಡಿದ್ದೆ. ಅರಗಿನ ಹಳೆಯ ತಟ್ಟೆ. ಹರಾಜಿನಲ್ಲಿ 340 ರೂಪಾಯಿಗೆ ಹೋಯಿತು, ಗೆದ್ದವರು ಗುವಾಹಾಟಿಯವರು. ಸಾಗಣೆಗೆ 90 ರೂಪಾಯಿ ಎಂದು ಅಂದಾಜಿನಲ್ಲಿ ಬರೆದಿದ್ದೆ. ಒಡೆಯುವ ವಸ್ತುವಾದ್ದರಿಂದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ನಾಲ್ಕೂ ಕಡೆ ಕಾಗದ ತುರುಕಿ ಕೊರಿಯರ್ ಅಂಗಡಿಗೆ ಒಯ್ದೆ. 410 ರೂಪಾಯಿ ಎಂದರು. ಕೊಂಡವರಿಂದ ಬಂದದ್ದು ಒಟ್ಟು 430. ಕೈಯಲ್ಲಿ ಉಳಿದ 20 ರೂಪಾಯಿಯಲ್ಲಿ ತಟ್ಟೆಯ ಅಸಲು 150 ಬರಬೇಕಿತ್ತು.

ನಾನು ಅಂಗಡಿಯವರೊಂದಿಗೆ ವಾದಿಸಿದೆ. ‘ತೂಕ 620 ಗ್ರಾಂ ತಾನೆ, ಎರಡು ಕಿಲೋಗೆ ಏಕೆ ದುಡ್ಡು ತೆಗೆದುಕೊಳ್ಳುತ್ತೀರಿ’ ಎಂದೆ. ಅವರು ಟೇಪು ತೆಗೆದು ಪೆಟ್ಟಿಗೆಯನ್ನು ಅಳೆದು ತೋರಿಸಿದರು. ಅವತ್ತು ನಾನು ಕಲಿತ ಸೂತ್ರ ಇದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ಬರುವ ಅಂಕಿಯೇ ಗಾತ್ರದ ತೂಕ, ಕಿಲೋಗ್ರಾಮಿನಲ್ಲಿ. ತಕ್ಕಡಿಯ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ನನ್ನ ಪೆಟ್ಟಿಗೆ 32, 32, 8. ಗುಣಿಸಿದರೆ 8192, ಭಾಗಿಸಿದರೆ 1.64. ಅರ್ಧ ಕಿಲೋ ಹಂತಗಳಲ್ಲಿ ದರ ಹಾಕುವುದರಿಂದ ಅದು ಎರಡು ಕಿಲೋ ಆಯಿತು. ಇದರಲ್ಲಿ ಮೋಸವಿಲ್ಲ. ವಿಮಾನದಲ್ಲಾಗಲಿ ಲಾರಿಯಲ್ಲಾಗಲಿ ತೂಕಕ್ಕೆ ಮೊದಲು ಜಾಗ ಮುಗಿದುಹೋಗುತ್ತದೆ. ನಾವು ತುಂಬಿ ಕಳಿಸುವ ಗಾಳಿಗೂ ಅಲ್ಲಿ ಜಾಗ ಬೇಕು.

ಈಗ ಅದೇ ತಟ್ಟೆಯನ್ನು ಬೇರೆ ರೀತಿ ಕಟ್ಟೋಣ. ತಟ್ಟೆಯ ಎರಡೂ ಬದಿಗೆ ಎರಡೆರಡು ಸುಕ್ಕುರಟ್ಟುಗಳು, ಒಂದರ ಪದರ ಉದ್ದಕ್ಕೆ, ಇನ್ನೊಂದರ ಪದರ ಅಡ್ಡಕ್ಕೆ. ಮೇಲೆ ಬಬಲ್ ಹಾಳೆಯ ಒಂದು ಸುತ್ತು. ಪೆಟ್ಟಿಗೆ 30, 30, 6. ಗಾತ್ರದ ತೂಕ 1.08 ಕಿಲೋ. ಅಂದರೆ ಒಂದೂವರೆ ಕಿಲೋ ದರ. ಎತ್ತರವನ್ನು ಒಂದೇ ಒಂದು ಸೆಂಟಿಮೀಟರ್ ಇಳಿಸಿ 5 ಮಾಡಿದರೆ 0.9. ಒಂದು ಕಿಲೋ ದರ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋ ದುಡ್ಡು! ಈ ಲೆಕ್ಕ ಗೊತ್ತಾದ ಮೇಲೆ ನಾನು ಸಿಕ್ಕ ಪೆಟ್ಟಿಗೆಯಲ್ಲಿ ತುಂಬುವುದನ್ನು ಬಿಟ್ಟು, ರಟ್ಟು ಕತ್ತರಿಸಿ ಬೇಕಾದ ಅಳತೆಗೆ ಪೆಟ್ಟಿಗೆ ಮಾಡಿಕೊಳ್ಳಲು ಕಲಿತೆ. ಇನ್ನೊಂದು ಮಾತು. ಅರಗಿನ ತಟ್ಟೆ ಒಡೆಯುವುದು ಸುತ್ತಲೂ ಮೆತ್ತೆ ಇಲ್ಲದ್ದರಿಂದ ಮಾತ್ರವಲ್ಲ, ಒಳಗೆ ಅಲುಗಾಡುವುದರಿಂದ. ನನ್ನ ದೊಡ್ಡ ಪೆಟ್ಟಿಗೆಯ ತಟ್ಟೆ ಗುವಾಹಾಟಿಗೆ ಎರಡು ಹೋಳಾಗಿ ತಲುಪಿತ್ತು. ಬಿಗಿಯಾಗಿ ಕಟ್ಟಿದ ಸಣ್ಣ ಪೆಟ್ಟಿಗೆಗಳಲ್ಲಿ ಒಂದೂ ಒಡೆದಿಲ್ಲ.

ಅಮೆರಿಕದಲ್ಲಿ ಇದಕ್ಕೆ ಬೇರೊಂದು ದಾರಿ ಮಾಡಿದ್ದಾರೆ. ಆನ್‌ಲೈನ್ ಹರಾಜನ್ನು ಮನೆಮಾತು ಮಾಡಿದ ಇಬೇ 1995ರಲ್ಲಿ ಹುಟ್ಟಿದ್ದು ಅಲ್ಲಿಯೇ. ಮನೆಯ ಗ್ಯಾರೇಜಿನಿಂದ ಮಾರುವ ಲಕ್ಷಾಂತರ ಜನರಿಗೆ ಅಲ್ಲಿನ ಅಂಚೆ ಇಲಾಖೆ 2004ರಲ್ಲಿ ಒಂದು ಪೆಟ್ಟಿಗೆ ಕೊಟ್ಟಿತು. ಪೆಟ್ಟಿಗೆ ಉಚಿತ, ದರ ಒಂದೇ. ಒಳಗೆ ಹತ್ತಿಯನ್ನೇ ತುಂಬಿ, ಕಬ್ಬಿಣವನ್ನೇ ತುಂಬಿ, 70 ಪೌಂಡಿನ ಒಳಗಿದ್ದರೆ ಸಾಕು. ದೇಶದ ಯಾವ ಮೂಲೆಗೆ ಹೋದರೂ ಅದೇ ಹಣ. ಹರಾಜಿನ ಮಾರಾಟಗಾರರಿಗೆ ಇದು ಏಕೆ ವರವಾಯಿತು ಎಂದರೆ, ಗೆಲ್ಲುವವರು ಯಾವ ಊರಿನವರೆಂದು ಗೊತ್ತಾಗುವ ಮೊದಲೇ ಸಾಗಣೆ ವೆಚ್ಚವನ್ನು ಕಣ್ಣುಮುಚ್ಚಿ ಬರೆಯಬಹುದಿತ್ತು. ನಾನು ಆಗ ಹೇಳಿದ ಎರಡು ಅನಿಶ್ಚಯಗಳಲ್ಲಿ ಒಂದು ಅಲ್ಲಿಗೆ ಮುಗಿಯಿತು.

ನಮ್ಮಲ್ಲಿಯೂ ಆ ಪೆಟ್ಟಿಗೆಗೆ ಹತ್ತಿರವಾದದ್ದು ಒಂದು ಇದೆ. ಅಂಚೆಚೀಟಿ, ನೋಟು, ಪೋಸ್ಟ್‌ಕಾರ್ಡ್, ಬೆಂಕಿಪೊಟ್ಟಣದ ಲೇಬಲ್ ಮಾರುವವರು ಗಮನವಿಟ್ಟು ಕೇಳಿ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರಗಳು ಬದಲಾಗಿವೆ. 50 ಗ್ರಾಮಿನವರೆಗೆ ಊರೊಳಗೆ 19 ರೂಪಾಯಿ, ಹೊರಗೆ ದೇಶದ ಎಲ್ಲಿಗೆ ಹೋದರೂ 47 ರೂಪಾಯಿ. ಶೇಕಡ 18ರ ಜಿಎಸ್‌ಟಿ ಸೇರಿದರೆ 47 ರೂಪಾಯಿ 55 ರೂಪಾಯಿ 46 ಪೈಸೆ ಆಗುತ್ತದೆ. ಕಾಶ್ಮೀರವಾದರೂ ಅಷ್ಟೇ, ಕೊಡಗಾದರೂ ಅಷ್ಟೇ. ಆದರೆ 51ನೆಯ ಗ್ರಾಮಿಗೆ ಕಾಲಿಟ್ಟಿರೋ, ದೂರದ ಲೆಕ್ಕ ಶುರುವಾಗುತ್ತದೆ. ಎರಡು ಸಾವಿರ ಕಿಲೋಮೀಟರ್ ದಾಟಿದ ಊರಿಗೆ 250 ಗ್ರಾಮಿನವರೆಗಿನ ದರ 77 ರೂಪಾಯಿ, ತೆರಿಗೆ ಬೇರೆ. ಒಂದು ಗ್ರಾಮಿನ ಬೆಲೆ ಮೂವತ್ತು ರೂಪಾಯಿಗೂ ಮೇಲೆ!

ಈ ತಕ್ಕಡಿಯ ಮೇಲೆ ನಾನು ಸಾಮಾನ್ಯವಾಗಿ ಬಳಸುವ ಲಕೋಟೆ ಇಡುತ್ತೇನೆ, ಒಳಗೆ ಎರಡು ತೆಳು ರಟ್ಟು, ಒಂದು ತೆಳು ಪ್ಲಾಸ್ಟಿಕ್ ಚೀಲ. ನೋಡಿ, 29 ಗ್ರಾಂ. ಅಂದರೆ ವಸ್ತುವಿಗೆ ಉಳಿದದ್ದು 21 ಗ್ರಾಂ. ರಟ್ಟು ಸ್ವಲ್ಪ ದಪ್ಪವಾದರೆ ಆ 21 ಗ್ರಾಂ ರಟ್ಟಿಗೇ ಹೋಗುತ್ತದೆ. ಹಾಗೆಂದು ರಟ್ಟನ್ನೇ ತೆಗೆದುಬಿಡಬೇಡಿ. ಮಡಿಕೆ ಬಿದ್ದ ಅಂಚೆಚೀಟಿಗೆ ಬೆಲೆ ಇಲ್ಲ. ಹಳೆಯ ವಿವಾಹ ಆಮಂತ್ರಣಗಳ ದಪ್ಪ ಕಾಗದ ಈ ಕೆಲಸಕ್ಕೆ ಬಹಳ ಚೆನ್ನಾಗಿದೆ. ಗಟ್ಟಿಯಾಗಿರುತ್ತದೆ, ಹಗುರವಾಗಿರುತ್ತದೆ, ಪ್ರತಿ ಮನೆಯಲ್ಲೂ ಕಟ್ಟುಗಟ್ಟಲೆ ಬಿದ್ದಿರುತ್ತದೆ.

ಇಲ್ಲಿ ಒಂದು ಸಂಕಟವನ್ನೂ ಹೇಳಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನ ಮಾಡಿದರು. ಮೂವತ್ತು ನಲವತ್ತು ರೂಪಾಯಿಯ ಅಂಚೆಚೀಟಿಗಳನ್ನು ಮಾರುವವರಿಗೆ ರಿಜಿಸ್ಟರ್ಡ್ ಲಕೋಟೆಯೇ ಆಧಾರವಾಗಿತ್ತು. ನಿಧಾನವಾಗಿ ಹೋದರೂ ಸಹಿ ಹಾಕಿಸಿಕೊಂಡೇ ಕೊಡುತ್ತಿದ್ದರು, ಅಗ್ಗವಾಗಿತ್ತು. ಈಗ ಮೂವತ್ತು ರೂಪಾಯಿಯ ಚೀಟಿಗೆ ಐವತ್ತೈದು ರೂಪಾಯಿ ಸಾಗಣೆ ಹಾಕಬೇಕು. ಯಾವ ಕೊಳ್ಳುಗರು ಒಪ್ಪುತ್ತಾರೆ? ಶಾಲೆಗೆ ಹೋಗುವ ಮಕ್ಕಳು ಹವ್ಯಾಸಕ್ಕೆ ಬರುವುದು ಈ ಮೂವತ್ತು ರೂಪಾಯಿಯ ಚೀಟಿಗಳ ಮೂಲಕ. ಆ ಬಾಗಿಲು ಕಿರಿದಾಗುತ್ತಿದೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ವಾಟ್ಸ್ಆ್ಯಪ್ ಮತ್ತು ಫೇಸ್‌ಬುಕ್ ಗುಂಪುಗಳಲ್ಲಿ ಹರಾಜು ನಡೆಸುವವರು ಇದಕ್ಕೆ ಒಂದು ಉತ್ತರ ಕಂಡುಕೊಂಡಿದ್ದಾರೆ, ಅದು ನಮ್ಮದೇ ಜಾಣತನ. ಗೆದ್ದದ್ದನ್ನು ಕೂಡಲೇ ಕಳಿಸುವುದಿಲ್ಲ. ಪ್ರತಿ ಕೊಳ್ಳುಗರ ಹೆಸರಿನಲ್ಲೂ ಒಂದೊಂದು ಲಕೋಟೆ ಇಟ್ಟು, ತಿಂಗಳಿಡೀ ಗೆದ್ದದ್ದನ್ನೆಲ್ಲ ಅದರಲ್ಲಿ ಸೇರಿಸುತ್ತಾ ಹೋಗುತ್ತಾರೆ. ಮೂರು ಹರಾಜಿನ ಮೂರು ಚೀಟಿಗಳನ್ನು ಬಿಡಿಬಿಡಿಯಾಗಿ ಕಳಿಸಿದರೆ 166 ರೂಪಾಯಿ ದಾಟುತ್ತದೆ. ಒಟ್ಟಿಗೆ ಕಳಿಸಿದರೆ 55. ಕೊಳ್ಳುವವರಿಗೂ ಇದು ಗೊತ್ತಿದೆ. ಲಕೋಟೆ ಹೇಗಿದ್ದರೂ ಹೋಗುವುದಿದೆ, ಇನ್ನೊಂದು ಚೀಟಿಗೆ ಕೂಗೋಣ ಎನ್ನುತ್ತಾರೆ. ಸಾಗಣೆ ವೆಚ್ಚವೇ ಅವರನ್ನು ಮತ್ತೆ ನಮ್ಮ ಹರಾಜಿಗೆ ಕರೆತರುತ್ತದೆ. ನನ್ನ ಕೋರಿಕೆ ಒಂದೇ. ಹಣ ಪಡೆದ ದಿನ, ಲಕೋಟೆಗೆ ಹಾಕಿದ ವಸ್ತು, ಕಳಿಸುವ ಕೊನೆಯ ದಿನಾಂಕ ಮೂರನ್ನೂ ಲಕೋಟೆಯ ಮೇಲೆಯೇ ಬರೆದು, ಫೋಟೋ ತೆಗೆದು ಅವರಿಗೆ ಕಳಿಸಿ. ಬೇರೆಯವರು ದುಡ್ಡು ಕೊಟ್ಟು ಕೊಂಡ ವಸ್ತು ನಮ್ಮ ಮನೆಯಲ್ಲಿ ಒಂದು ತಿಂಗಳು ಇರುತ್ತದೆ. ಅದು ಅವರ ಆಸ್ತಿ, ನಾವು ಕಾವಲುಗಾರರು.

ಪುಸ್ತಕ ಮಾರುವವರಿಗೆ ಕಳೆದ ಒಂದೆರಡು ವರ್ಷ ತೂಗುಯ್ಯಾಲೆಯಂತೆ ಇತ್ತು. ಮುದ್ರಿತ ಪುಸ್ತಕಗಳಿಗೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಸಣ್ಣ ಪ್ರಕಾಶಕರೆಲ್ಲ ಕಂಗಾಲಾದರು. ಆಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಮಿನವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನೆಲದ ಮಾರ್ಗದಲ್ಲೇ ಹೋಗುತ್ತದೆ, ನಿಧಾನ. ಆದರೆ ಎಲ್ಲಿದೆ ಎಂದು ನೋಡಬಹುದು. ಐದು ಕಿಲೋ ಪುಸ್ತಕವನ್ನು ಆ ಹಣಕ್ಕೆ ಒಯ್ಯುವವರು ಬೇರೆ ಯಾರೂ ಇಲ್ಲ. ಹಳೆಯ ಪುಸ್ತಕದವರಿಗೆ ಒಂದು ಎಚ್ಚರಿಕೆ ಮಾತ್ರ. ಅದರ ಷರತ್ತಿನಂತೆ ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ನಿಯತಕಾಲಿಕಗಳಿಗೆ ಅವಕಾಶವಿಲ್ಲ. ನಾವು ಮಾರುವ ಪುಸ್ತಕಗಳಲ್ಲಿ ಮೊದಲ ನಾಲ್ಕು ಪುಟ ಗೆದ್ದಲು ತಿಂದವೇ ಹೆಚ್ಚು. ಕೊನೆಯ ಪುಟದ ಕೆಳಗೆ ಮುದ್ರಣಾಲಯದ ಹೆಸರು ಉಳಿದಿದೆಯೇ ಎಂದು ನೋಡಿ, ಅದನ್ನು ಕೌಂಟರಿನಲ್ಲಿ ತೋರಿಸಿ. ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಈ ದರ ನಂಬಿ ಹರಾಜಿಗೆ ಇಡಬೇಡಿ.

ಈಗ ಸ್ವಲ್ಪ ಸೂಕ್ಷ್ಮವಾದ ವಿಷಯಕ್ಕೆ ಬರುತ್ತೇನೆ. ಸಾಗಣೆ ವೆಚ್ಚ ನಿಜವಾಗಿ ಆಗುವುದಕ್ಕಿಂತ ಹೆಚ್ಚು ಬರೆಯಬಹುದೇ? ನಿಮ್ಮಲ್ಲಿ ಹಲವರು ಬರೆಯುತ್ತೀರಿ, ನನಗೆ ಗೊತ್ತಿದೆ. ತಂಜಿಮ್ ಹೊಸೈನ್ ಮತ್ತು ಜಾನ್ ಮಾರ್ಗನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಬೇಯಲ್ಲಿ ನಡೆಸಿದ ಒಂದು ಪ್ರಯೋಗವನ್ನು 2006ರಲ್ಲಿ ಪ್ರಕಟಿಸಿದರು. ಹಾಡಿನ ಸಿಡಿಗಳನ್ನೂ ವಿಡಿಯೋ ಆಟಗಳನ್ನೂ ಅವರು ಹರಾಜಿಗಿಟ್ಟರು. ಒಂದೇ ವಸ್ತುವನ್ನು ಒಮ್ಮೆ ನಾಲ್ಕು ಡಾಲರ್ ಆರಂಭದ ಬೆಲೆ, ಸಾಗಣೆ ಉಚಿತ ಎಂದು ಇಟ್ಟರು. ಇನ್ನೊಮ್ಮೆ ಆರಂಭದ ಬೆಲೆ ಒಂದು ಸೆಂಟ್, ಸಾಗಣೆ 3.99 ಡಾಲರ್ ಎಂದು ಇಟ್ಟರು. ಕೊಳ್ಳುವವರ ಜೇಬಿನಿಂದ ಹೋಗುವ ಕನಿಷ್ಠ ಹಣ ಎರಡರಲ್ಲೂ ಒಂದೇ. ಆದರೂ ಎರಡನೆಯ ರೀತಿಗೆ ಹೆಚ್ಚು ಜನ ಬಂದರು, ಒಟ್ಟು ಹಣವೂ ಹೆಚ್ಚು ಬಂತು. ಜನ ಬೆಲೆಯನ್ನು ನೋಡುತ್ತಾರೆ, ಸಾಗಣೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಪಾಠವೂ ಇತ್ತು. ಸಿಡಿಯ ಸಾಗಣೆಗೆ ಆರು ಡಾಲರ್ ಬರೆದಾಗ, ವಸ್ತುವಿನ ಯೋಗ್ಯತೆಗೆ ಅದು ಹೆಚ್ಚಾಯಿತು, ಆ ಲಾಭ ಉಳಿಯಲಿಲ್ಲ.

ಅಲ್ಲಿನ ಮಾರಾಟಗಾರರು ಮೊದಲ ಪಾಠವನ್ನು ಮಾತ್ರ ಕಲಿತರು. ವಸ್ತುವಿಗೆ ಒಂದು ಸೆಂಟ್, ಸಾಗಣೆಗೆ ಹತ್ತಾರು ಡಾಲರ್ ಎಂದು ಬರೆಯುವವರು ಹುಟ್ಟಿಕೊಂಡರು. ಇಬೇ ತೆಗೆದುಕೊಳ್ಳುವ ದಲ್ಲಾಳಿ, ಅಂದರೆ ಕಮಿಷನ್, ವಸ್ತುವಿನ ಬೆಲೆಯ ಮೇಲೆ ಮಾತ್ರ ಇದ್ದುದರಿಂದ ಅದನ್ನೂ ಹೀಗೆ ಉಳಿಸುತ್ತಿದ್ದರು. ಕೊನೆಗೆ 2011ರಲ್ಲಿ ಇಬೇ ಸಾಗಣೆ ವೆಚ್ಚದ ಮೇಲೂ ದಲ್ಲಾಳಿ ಹಾಕತೊಡಗಿತು. ಪ್ರಾಮಾಣಿಕವಾಗಿ ನಿಜವಾದ ಅಂಚೆ ವೆಚ್ಚ ಬರೆಯುತ್ತಿದ್ದವರೂ ಅಂದಿನಿಂದ ಅಂಚೆಯ ಹಣಕ್ಕೂ ದಲ್ಲಾಳಿ ಕೊಡಬೇಕಾಯಿತು. ನಾನು ಏನು ಮಾಡುತ್ತೇನೆ ಎಂದರೆ, ಅಂಚೆಯ ಹಣ, ಪೆಟ್ಟಿಗೆ ಟೇಪುಗಳ ಹಣ ಎರಡನ್ನೂ ಕೂಡಿಸಿ, ಹಾಗೆಯೇ ಬಿಡಿಸಿ ಬರೆಯುತ್ತೇನೆ. ‘ಸ್ಪೀಡ್ ಪೋಸ್ಟ್ 55, ಕಟ್ಟುವ ಸಾಮಾನು 10.’ ಲಕೋಟೆಯ ಮೇಲೆ ಅಂಚೆಯವರು ಪಡೆದ ಹಣ ಅಚ್ಚಾಗಿರುತ್ತದೆ. ಕೊಂಡವರು ಮೊದಲು ನೋಡುವುದೇ ಅದನ್ನು. 55ರ ಲಕೋಟೆಗೆ 120 ಪಡೆದವರ ಹರಾಜಿಗೆ ಅವರು ಮತ್ತೆ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ.

ಕ್ಯಾಶ್ ಆನ್ ಡೆಲಿವರಿ ಕೊಡಬೇಕೇ ಎಂದು ಬೆಳಗ್ಗೆ ಒಬ್ಬರು ಕೇಳಿದರು. ನಮ್ಮ ದೇಶಕ್ಕೆ ಇದು ಹೊಸದಲ್ಲ. 1877ರಷ್ಟು ಹಿಂದೆಯೇ ನಮ್ಮ ಅಂಚೆ ಇಲಾಖೆ ವಿ.ಪಿ.ಪಿ. ತಂದಿತ್ತು, ಅಂಚೆಯವರಿಗೆ ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವ ಪದ್ಧತಿ. ಹಳೆಯ ಕನ್ನಡ ಪತ್ರಿಕೆಗಳ ಜಾಹೀರಾತುಗಳಲ್ಲಿ ‘ವಿ.ಪಿ. ಮೂಲಕ ಕಳಿಸಲಾಗುವುದು’ ಎಂಬ ಸಾಲನ್ನು ನೀವೆಲ್ಲ ನೋಡಿರುತ್ತೀರಿ. ಅಂಗಡಿ ವ್ಯಾಪಾರಕ್ಕೆ ಅದು ಸರಿ. ಹರಾಜಿಗೆ ಸರಿಯಲ್ಲ. ರಾತ್ರಿ ಹತ್ತು ಗಂಟೆಯ ಕಾವಿನಲ್ಲಿ ಕೂಗಿದವರಿಗೆ ನಾಲ್ಕು ದಿನ ಬಿಟ್ಟು ಬಾಗಿಲಲ್ಲಿ ಕಟ್ಟು ಬಂದಾಗ ಕಾವು ಇಳಿದಿರುತ್ತದೆ. ‘ಬೇಡ’ ಎನ್ನುತ್ತಾರೆ. ಹೋದ ಸಾಗಣೆ, ವಾಪಸು ಬಂದ ಸಾಗಣೆ ಎರಡೂ ನಮ್ಮ ಮೇಲೆ ಬೀಳುತ್ತವೆ. ಹರಾಜಿನಲ್ಲಿ ಹಣ ಮೊದಲು, ಕಟ್ಟು ಆಮೇಲೆ.

ಇನ್ನು ಪಿಕಪ್, ಅಂದರೆ ಕಟ್ಟುಗಳನ್ನು ನಮ್ಮ ಮನೆ ಬಾಗಿಲಿಗೇ ಬಂದು ಒಯ್ಯುವುದು. ನನ್ನ ಮಟ್ಟಿಗೆ ಇವತ್ತಿನ ಮುಖ್ಯ ವಿಷಯ ಇದೇ.

ತಿಪಟೂರಿನ ಕಡೆಯ ಒಬ್ಬ ಅಕ್ಕ ನನಗೆ ಹರಾಜಿನಲ್ಲೇ ಪರಿಚಯವಾದವರು. ಹಳೆಯ ಗುಂಡಿಗಳು, ಗಾಜಿನ ಮಣಿಗಳು, ಸೀರೆಯ ಜರಿ ಅಂಚುಗಳನ್ನು ಮಾರುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವರು ಅರ್ಧ ಗಂಟೆಯೂ ಹೊರಗೆ ಹೋಗುವಂತಿಲ್ಲ. ಮೊದಲು ಹದಿನೈದು ದಿನಕ್ಕೊಮ್ಮೆ ಮಗಳು ಊರಿಗೆ ಬಂದಾಗ ಅಂಚೆ ಕಚೇರಿಗೆ ಹೋಗುತ್ತಿದ್ದರು. ಕೊಂಡವರು ಕಾದು ಕಾದು ಬೇಸತ್ತು ಕೆಟ್ಟದಾಗಿ ಬರೆಯುತ್ತಿದ್ದರು. ಅವರ ಪಿನ್‌ಕೋಡಿಗೆ ಮನೆ ಬಾಗಿಲ ಪಿಕಪ್ ಬಂದ ದಿನ ನನಗೆ ಫೋನ್ ಮಾಡಿದರು. ‘ಅಣ್ಣಾ, ಇವತ್ತು ಹುಡುಗ ಬಂದು ಏಳು ಕಟ್ಟು ಒಯ್ದ. ನಾನು ಬಾಗಿಲು ದಾಟಲಿಲ್ಲ’ ಎಂದರು. ಅವರಿಗೆ ಅಂದಿನಿಂದ ಅದು ವ್ಯಾಪಾರವಾಯಿತು, ಅದುವರೆಗೆ ಹವ್ಯಾಸವಾಗಿತ್ತು. ನಾವು ಸ್ಕೂಟರ್ ಹತ್ತಿ ಹೋಗಿ ಸಾಲಿನಲ್ಲಿ ನಿಂತು ಬರುವ ಒಂದೂವರೆ ಗಂಟೆಗೆ ಬೆಲೆ ಕಟ್ಟುವುದಿಲ್ಲ. ಪೆಟ್ರೋಲಿಗೂ ಕಟ್ಟುವುದಿಲ್ಲ. ಕಟ್ಟಿ ನೋಡಿ, ಎಷ್ಟೋ ಹರಾಜುಗಳಲ್ಲಿ ಉಳಿಯುವ ಲಾಭವೇ ಅಷ್ಟು.

ಅಮೆರಿಕದ ಅಂಚೆ ಇಲಾಖೆ ತನ್ನ ಪ್ರಮುಖ ಪಾರ್ಸೆಲ್ ಸೇವೆಗಳಿಗೆ ಪಿಕಪ್ಪನ್ನು ಉಚಿತವಾಗಿ ಕೊಡುತ್ತದೆ. ಒಂದು ಕಟ್ಟಾಗಲಿ ಇಪ್ಪತ್ತಾಗಲಿ ಹಣವಿಲ್ಲ. ಅದು ಹೇಗೆ ಸಾಧ್ಯ? ಪತ್ರ ಹಂಚಲು ಅಂಚೆಯವರು ವಾಹನದಲ್ಲಿ ಹೇಗಿದ್ದರೂ ಆ ಬೀದಿಗೆ ಬರುತ್ತಾರೆ. ಕೊಡಲು ಬಂದವರು ಒಯ್ಯಲೂ ಬಹುದು. ಹಿಂದಿನ ರಾತ್ರಿ ಮನೆಯಿಂದಲೇ ವಿಳಾಸದ ಚೀಟಿ ಮುದ್ರಿಸಿ ಅಂಟಿಸಿ ತಿಳಿಸಿದರೆ ಸಾಕು. ನನಗೆ ಇದು ಬಹಳ ಸರಳವಾದ, ಬಹಳ ದೊಡ್ಡ ಉಪಾಯವೆಂದು ತೋರುತ್ತದೆ. ಮೈಸೂರಿನಲ್ಲಿ ನಿಂತು ಈ ಮಾತು ಹೇಳುವಾಗ ಇನ್ನೊಂದು ನೆನಪಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಗುವವರೆಗೂ ನಡೆಯಿತು. ಸಂಸ್ಥಾನ ಹೋದರೂ ನಮ್ಮ ಬಾಯಲ್ಲಿ ‘ಅಂಚೆ’ ಎಂಬ ಪದ ಉಳಿಯಿತು. ಅಂಚೆಯವರು ಈಗಲೂ ನಮ್ಮ ಹಳ್ಳಿಹಳ್ಳಿಗೆ ಹೋಗುತ್ತಾರೆ, ಸೈಕಲ್ಲಿನಲ್ಲೋ ಬೈಕಿನಲ್ಲೋ. ಅವರ ಚೀಲದಲ್ಲಿ ಹೋಗುವಾಗ ಪತ್ರ, ಬರುವಾಗ ನಮ್ಮ ಸಣ್ಣ ಲಕೋಟೆಗಳು ಇರುವಂತಾದರೆ ತಾಲ್ಲೂಕು ಕೇಂದ್ರಗಳ ಆಚೆ ಎಷ್ಟು ಜನ ಮಾರಾಟಗಾರರಾಗಬಹುದು! ದೊಡ್ಡ ಪೆಟ್ಟಿಗೆ ಹೊರಲು ಅವರಿಗೆ ವಾಹನ ಬೇಕು, ಆ ಖರ್ಚನ್ನು ಇಲಾಖೆ ಹೊರಬೇಕು. 50 ಗ್ರಾಮಿನ ಲಕೋಟೆಗೆ ಅದೂ ಬೇಡ.

ಸದ್ಯಕ್ಕೆ ನಮ್ಮ ಮುಂದಿರುವ ದಾರಿಗಳಲ್ಲಿ ಕೆಲವು ಇವು. ತಿಂಗಳಿಗೆ ಸಾಕಷ್ಟು ಕಟ್ಟುಗಳನ್ನು ಕಳಿಸುವವರಿಗೆ ಅಂಚೆ ಇಲಾಖೆಯೊಂದಿಗೆ ಒಪ್ಪಂದದ ಖಾತೆ ಸಿಗುತ್ತದೆ. ಈಗ ಬುಕ್ ಮಾಡಿ ಆಮೇಲೆ ಬಿಲ್ ಕಟ್ಟಬಹುದು, ಕಟ್ಟುಗಳನ್ನು ನಿಮ್ಮ ಜಾಗದಿಂದ ಒಯ್ಯುವ ವ್ಯವಸ್ಥೆಯನ್ನೂ ಕೇಳಬಹುದು. ಒಬ್ಬರಿಗೇ ಅಷ್ಟು ಕಟ್ಟುಗಳಿಲ್ಲ ಎನ್ನುವವರು ಒಂದೇ ಬಡಾವಣೆಯ ನಾಲ್ಕೈದು ಜನ ಸೇರಿ ನಿಮ್ಮ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ದಾರಿ, ಹಲವು ಕೊರಿಯರ್‌ಗಳ ದರಗಳನ್ನು ಒಂದೇ ಕಡೆ ತೋರಿಸುವ ಮಧ್ಯವರ್ತಿ ಆ್ಯಪ್‌ಗಳು. ಸಾವಿರಾರು ಸಣ್ಣ ಮಾರಾಟಗಾರರ ಕಟ್ಟುಗಳನ್ನು ಒಟ್ಟುಗೂಡಿಸಿ ದೊಡ್ಡವರ ದರ ಪಡೆದು ನಮಗೂ ಕೊಡುತ್ತವೆ, ಪಿಕಪ್ ಅದರಲ್ಲೇ ಸೇರಿರುತ್ತದೆ. ಮೊದಲೇ ಹಣ ತುಂಬಿಟ್ಟಿರಬೇಕು.

ಆ ತುಂಬಿಟ್ಟ ಹಣದ ಬಗ್ಗೆಯೇ ಎಚ್ಚರ ಬೇಕು. ಒಮ್ಮೆ ನನ್ನ ಖಾತೆಯಿಂದ ಒಂದೇ ಕಟ್ಟಿಗೆ ಹೆಚ್ಚುವರಿಯಾಗಿ 260 ರೂಪಾಯಿ ಕಡಿತವಾಯಿತು. ಕಾರಣ, ಅವರ ಗೋದಾಮಿನ ಯಂತ್ರ ಪೆಟ್ಟಿಗೆಯ ಎತ್ತರವನ್ನು 5ರ ಬದಲು 15 ಎಂದು ಅಳೆದಿತ್ತು. ಪಕ್ಕದ ಕಟ್ಟಿಗೆ ತಾಗಿಕೊಂಡು ಹೋಗಿರಬೇಕು. ನನ್ನ ಬಳಿ ಪುರಾವೆ ಇರಲಿಲ್ಲ. ಆಕ್ಷೇಪಣೆಗೆ ಕೊಡುವ ಕೆಲವೇ ದಿನಗಳ ಗಡುವು ಮುಗಿದ ಮೇಲೆ ನನಗೆ ಅದು ಕಣ್ಣಿಗೆ ಬಿತ್ತು. ಅಂದಿನಿಂದ ಪ್ರತಿ ಪೆಟ್ಟಿಗೆಗೂ ನಾಲ್ಕು ಫೋಟೋ ತೆಗೆಯುತ್ತೇನೆ. ತಕ್ಕಡಿಯ ಮೇಲೆ, ಅಂಕಿ ಕಾಣುವಂತೆ. ಟೇಪು ಹಿಡಿದು ಉದ್ದ, ಅಗಲ, ಎತ್ತರ. ವಿಳಾಸದ ಚೀಟಿ ನಾಲ್ಕರಲ್ಲೂ ಕಾಣಬೇಕು, ಇಲ್ಲದಿದ್ದರೆ ಅದು ಯಾವ ಪೆಟ್ಟಿಗೆಯ ಫೋಟೋ ಎಂದು ಕೇಳುತ್ತಾರೆ. ವಾರಕ್ಕೊಮ್ಮೆ ಖಾತೆಯ ಕಡಿತಗಳನ್ನು ತೆರೆದು ನೋಡಿ. ಈ ಎರಡು ಅಭ್ಯಾಸಗಳಿಂದ ನನಗೆ ಆಮೇಲೆ ಮೂರು ಸಲ ಹಣ ವಾಪಸು ಬಂದಿದೆ.

ಪಿಕಪ್ಪಿಗೆ ಬಂದವರು ನಮ್ಮ ಎದುರಿಗೇ ಪ್ರತಿ ಕಟ್ಟನ್ನೂ ಸ್ಕ್ಯಾನ್ ಮಾಡಬೇಕು. ‘ಸರ್, ಇಪ್ಪತ್ತು ಮನೆ ಬಾಕಿ ಇದೆ, ಗೋದಾಮಿನಲ್ಲಿ ಮಾಡುತ್ತೇನೆ’ ಎನ್ನುತ್ತಾರೆ. ಅವರ ಕಷ್ಟ ನಿಜ. ಬಿಸಿಲಿನಲ್ಲಿ ಬೆನ್ನ ಮೇಲೆ ಆ ದೊಡ್ಡ ಚೀಲ ಹೊತ್ತು ಬರುವ ಹುಡುಗರಿಗೆ ನೀರು ಕೊಡಿ, ನೆರಳಿನಲ್ಲಿ ಎರಡು ನಿಮಿಷ ಕೂರಿಸಿ. ಆದರೆ ಸ್ಕ್ಯಾನ್ ಆಗದೆ ಕಟ್ಟನ್ನು ಕೊಡಬೇಡಿ. ಸ್ಕ್ಯಾನ್ ಆಗುವವರೆಗೆ ದಾಖಲೆಯಲ್ಲಿ ಅದು ನಿಮ್ಮ ಮನೆಯಲ್ಲೇ ಇದೆ. ದಾರಿಯಲ್ಲಿ ಬಿದ್ದುಹೋದರೆ ಕೇಳುವವರಿಲ್ಲ. ಕಟ್ಟುಗಳನ್ನು ಮೊದಲೇ ಸಾಲಾಗಿ ಜೋಡಿಸಿ, ಬಾರ್‌ಕೋಡ್‌ಗಳೆಲ್ಲ ಮೇಲ್ಮುಖವಾಗಿರುವಂತೆ ಇಟ್ಟರೆ ಇಪ್ಪತ್ತು ಕಟ್ಟುಗಳಿಗೆ ಎರಡು ನಿಮಿಷವೂ ಬೇಡ. ಅವರು ಬಾರದೆಯೇ ‘ಮಾರಾಟಗಾರರು ಮನೆಯಲ್ಲಿರಲಿಲ್ಲ’ ಎಂದು ದಾಖಲಾಗುವುದೂ ಉಂಟು. ಅದನ್ನು ತಪ್ಪಿಸಲು ನಾನು ಕಂಡುಕೊಂಡದ್ದು, ಪಿಕಪ್ಪನ್ನು ದಿನವೂ ಕರೆಯದೆ ಮಂಗಳವಾರ ಮತ್ತು ಶುಕ್ರವಾರಕ್ಕೆ ಕಟ್ಟಿಹಾಕಿದ್ದು. ಹರಾಜುಗಳನ್ನೂ ಭಾನುವಾರ ಮತ್ತು ಬುಧವಾರ ರಾತ್ರಿ ಮುಗಿಯುವಂತೆ ಇಡುತ್ತೇನೆ. ಹಣ ಬರಲು ಒಂದು ದಿನ, ಕಟ್ಟಲು ಒಂದು ದಿನ. ಒಂದೇ ಕಟ್ಟಿಗೆ ಬಿಸಿಲಿನಲ್ಲಿ ಬರುವವರು ಒಂದು ದಿನ ಬಾರದಿರಬಹುದು, ಎಂಟು ಕಟ್ಟುಗಳಿದ್ದರೆ ಖಂಡಿತ ಬರುತ್ತಾರೆ.

ಭಾರವಾದ ವಸ್ತುಗಳಿಗೆ, ಹಿತ್ತಾಳೆ ದೀಪ, ಕಲ್ಲಿನ ಒರಳು, ಮರದ ಕೆತ್ತನೆ ಇಂಥವಕ್ಕೆ, ರಾಜ್ಯದ ಒಳಗಾದರೆ ಬಸ್ಸನ್ನು ಮರೆಯಬೇಡಿ. ಕೆಎಸ್ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿತು. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಗ್ಗೆ ತಲುಪುತ್ತದೆ. ಕೊಂಡವರು ಬಸ್ ನಿಲ್ದಾಣಕ್ಕೆ ಬಂದು ಒಯ್ಯಬೇಕು, ಅದನ್ನು ಹರಾಜಿನ ವಿವರದಲ್ಲೇ ಬರೆಯಿರಿ. ಗೆದ್ದ ಮೇಲೆ ಹೇಳಿದರೆ ಜಗಳವಾಗುತ್ತದೆ.

ಹೊರದೇಶದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದಕ್ಕೆ ಬೇರೆಯೇ ಒಂದು ದಿನ ಬೇಕು. 2018ರಲ್ಲಿ ಇಬೇಯ ಭಾರತದ ಮಾರುಕಟ್ಟೆ ಮುಚ್ಚಿದ ಮೇಲೂ ನಮ್ಮಲ್ಲಿ ಕೆಲವರು ಅದರ ಮೂಲಕ ಹೊರಗೆ ಮಾರುತ್ತಿದ್ದಾರೆ. ಅಮೆರಿಕಕ್ಕೆ 800 ಡಾಲರ್‌ವರೆಗಿನ ಕಟ್ಟುಗಳು ಸುಂಕವಿಲ್ಲದೆ ಹೋಗುತ್ತಿದ್ದವು. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ನಿಂತಿತು. ನಮ್ಮ ಅಂಚೆ ಇಲಾಖೆ ಕೆಲವು ದಿನ ಮೊದಲೇ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ತೆಗೆದುಕೊಳ್ಳತೊಡಗಿತು. ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟಬೇಕಾಯಿತು. ಆ ನಡುವಿನ ವಾರಗಳಲ್ಲಿ ಹರಾಜು ಗೆದ್ದವರ ಹಣ ಹಿಂದಿರುಗಿಸಿದವರು ಈ ಸಭೆಯಲ್ಲೇ ಇದ್ದೀರಿ. ಸುಂಕದ ಪ್ರಮಾಣ ಬದಲಾಗುತ್ತಲೇ ಇರುವುದರಿಂದ ಬುಕಿಂಗ್ ದಿನದ ದರವನ್ನೇ ನೋಡಿ. ಮತ್ತು ದಯವಿಟ್ಟು ಕೇಳಿ, ನೂರು ವರ್ಷ ಮೀರಿದ ನಾಣ್ಯ, ಶಿಲ್ಪಗಳೂ 75 ವರ್ಷ ಮೀರಿದ ಹಸ್ತಪ್ರತಿಗಳೂ 1972ರ ಪ್ರಾಚ್ಯವಸ್ತು ಕಾಯಿದೆಯಡಿ ಬರುತ್ತವೆ. ಅವನ್ನು ನಾವು ಹೊರದೇಶಕ್ಕೆ ಕಳಿಸುವಂತಿಲ್ಲ. ತಾತನ ಕಾಲದ ತಾಳೆಗರಿ ಕಟ್ಟನ್ನು ಡಾಲರಿನ ಆಸೆಗೆ ಹರಾಜಿಗೆ ಇಡಬೇಡಿ. ಅದು ಈ ನಾಡಿನಲ್ಲೇ ಉಳಿಯಬೇಕಾದದ್ದು.

ಮಾತು ಸಾಕು. ಮುಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರು ಒಂದು ಹಿತ್ತಾಳೆ ಬಿಂದಿಗೆ ತಂದಿದ್ದಾರೆ, ಬರುವ ಭಾನುವಾರ ಹರಾಜಿಗೆ ಇಡುತ್ತಾರಂತೆ. ಇಲ್ಲಿ ಕೊಡಿ ಸ್ವಾಮಿ. ತಕ್ಕಡಿಯಲ್ಲಿ ಎರಡು ಕಿಲೋ ಇನ್ನೂರು ಗ್ರಾಂ. ಈ ಪೆಟ್ಟಿಗೆಯಲ್ಲಿ ಇಡೋಣ, ಅಳತೆ 30, 30, 35. ಗುಣಿಸಿದರೆ 31,500. ಐದು ಸಾವಿರದಿಂದ ಭಾಗಿಸಿದರೆ ಆರು ಕಿಲೋ ಮುನ್ನೂರು ಗ್ರಾಂ. ಅಂದರೆ ನಾಲ್ಕು ಕಿಲೋ ಗಾಳಿಗೆ ದುಡ್ಡು. ಬಿಂದಿಗೆಯ ಹೊಟ್ಟೆ ಖಾಲಿ ಇದೆ, ನೋಡಿ. ಇದರ ಜೊತೆಗೆ ಹರಾಜಿಗಿಡಲು ಚಿಕ್ಕ ತಂಬಿಗೆಯೋ ಬಟ್ಟಲೋ ಏನಾದರೂ ತಂದಿದ್ದೀರಾ?